ಹದಿನಾರು ಚಿಪ್ಪಿನ ರ‍್ಯಾಮ್

ನಮ್ಮ ಮನೆಯಲ್ಲಿ ಪೆಂಟಿಯಮ್-3 ಕಂಪ್ಯೂಟರೊಂದು ಇನ್ನೂ ದುಡಿಯುತ್ತಿದೆ. ಅದರಲ್ಲಿ ವಿಂಡೋಸ್ 98 ಇದೆ, ಪೇಜ್‌ಮೇಕರ್ ಇದೆ, ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಕನ್ನಡ ಫಾಂಟುಗಳಲ್ಲಿ ಅಪ್ಪ ಪುಟ ಕಟ್ಟಿದ ಪುಸ್ತಕಗಳಿವೆ. ಆ ಫಾಂಟಿಲ್ಲದ ಇಂದಿನ ಯಂತ್ರದಲ್ಲಿ ಅವನ್ನು ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಅಕ್ಷರವನ್ನು ಯೂನಿಕೋಡಿಗೆ ಬದಲಿಸಿಕೊಳ್ಳಬಹುದು, ಅಪ್ಪ ಕೂಡಿಸಿದ ಪುಟ ಮಾತ್ರ ಹಾಗೆಯೇ ಬರುವುದಿಲ್ಲ. ಹಾಗಾಗಿ ಈ ಯಂತ್ರ ಬದುಕಿರಬೇಕು. ಅದಕ್ಕಿದ್ದದ್ದು 64 ಎಂಬಿ ರ‍್ಯಾಮ್. ಚಿತ್ರವಿರುವ ಪುಟ ತೆರೆದರೆ ಸಾಕು, ಹಾರ್ಡ್ ಡಿಸ್ಕ್ ಗರಗರ ಸದ್ದು ಮಾಡುತ್ತಾ ಒದ್ದಾಡುತ್ತಿತ್ತು.

ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. "ಎಸ್‌ಡಿ ರ‍್ಯಾಮಾ? ಈಗೆಲ್ಲಿ ಬರುತ್ತೆ ಸರ್, ಡಿಡಿಆರ್-3 ಬೇಕಾದ್ರೆ ಇದೆ" ಎಂದರು ಒಬ್ಬರು. ಇನ್ನೊಂದು ಅಂಗಡಿಯ ಹಿರಿಯರು ಮೇಜಿನಡಿಯಿಂದ ರಟ್ಟಿನ ಡಬ್ಬ ಎಳೆದು, "ನೋಡ್ಕೊಳ್ಳಿ, ನಿಮಗೆ ಗೊತ್ತಿದ್ರೆ ಆರಿಸ್ಕೊಳ್ಳಿ" ಎಂದರು.

ಡಬ್ಬದಲ್ಲಿ ಎಲ್ಲವೂ ಒಂದೇ ಥರ ಕಾಣುತ್ತವೆ. ಗುರುತು ಕೆಳಗಿನ ಅಂಚಿನಲ್ಲಿದೆ. ನಮಗೆ ಬೇಕಾದ ಎಸ್‌ಡಿ ರ‍್ಯಾಮಿಗೆ 168 ಪಿನ್, ಎರಡು ಕಚ್ಚು. ಡಿಡಿಆರ್‌ಗೆ 184 ಪಿನ್, ಒಂದೇ ಕಚ್ಚು. ಮೊದಲನೆಯದು 3.3 ವೋಲ್ಟಿನದು, ಎರಡನೆಯದು 2.5 ವೋಲ್ಟಿನದು. ತಪ್ಪು ಸ್ಲಾಟಿಗೆ ಇಳಿಯದಂತೆ ಕಾಯುವುದು ಆ ಕಚ್ಚೇ. ವೇಗದ ದರ್ಜೆಯಲ್ಲಿ ಪಿಸಿ100 ಬೇಕಾದ ಕಡೆ ಪಿಸಿ133 ಹಾಕಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ, ಅದು ನಿಧಾನದ ವೇಗಕ್ಕೆ ಹೊಂದಿಕೊಳ್ಳುತ್ತದೆ.

ನಿಜವಾದ ಸಂಗತಿ ಇರುವುದು ಕಪ್ಪು ಚಿಪ್ಪುಗಳ ಲೆಕ್ಕದಲ್ಲಿ. ನಮ್ಮ ಮದರ್‌ಬೋರ್ಡಿನದು ಇಂಟೆಲ್ 440ಬಿಎಕ್ಸ್, 1998ರ ಚಿಪ್‌ಸೆಟ್. ಒಂದೊಂದು ಚಿಪ್ಪಿನಲ್ಲಿ 128 ಮೆಗಾಬಿಟ್‌ವರೆಗೆ ಮಾತ್ರ ಅದರ ಕೈ ಎಟಕುತ್ತದೆ. 256 ಎಂಬಿಯನ್ನು ಹದಿನಾರು ಚಿಪ್ಪುಗಳಲ್ಲಿ ಹಂಚಿದ್ದರೆ ಪೂರ್ತಿ ಕಾಣುತ್ತದೆ. ಅದನ್ನೇ ಎಂಟು ಚಿಪ್ಪಿನಲ್ಲಿ ತುಂಬಿದ್ದರೆ 128 ಮಾತ್ರ ಕಾಣುತ್ತದೆ. ನಾಲ್ಕಂತಸ್ತಿನ ಮನೆಗೆ ಎರಡೇ ಅಂತಸ್ತಿನ ಮೆಟ್ಟಿಲಿದ್ದ ಹಾಗೆ: ಮೇಲೆ ಕೋಣೆಗಳಿವೆ, ಹತ್ತಲು ದಾರಿಯಿಲ್ಲ. ಇಂಥ ಕಡೆ ಹೊಸದಾಗಿ, ಅಚ್ಚುಕಟ್ಟಾಗಿ ಕಾಣುವ ಎಂಟು ಚಿಪ್ಪಿನದನ್ನು ಬಿಟ್ಟು, ಎರಡೂ ಬದಿಗೆ ಎಂಟೆಂಟು ಚಿಪ್ಪು ಹೊತ್ತ ಹಳೆಯದನ್ನೇ ಆರಿಸಬೇಕು. ಅಂಥವು ಎರಡು ಸಿಕ್ಕವು. 512 ಎಂಬಿ ಸಾಕು; ಅದಕ್ಕಿಂತ ಹೆಚ್ಚಾದರೆ ವಿಂಡೋಸ್ 98 ತಾನೇ ತಡವರಿಸುತ್ತದೆ.

ಚಿನ್ನದ ಬಣ್ಣದ ಪಿನ್ನುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಎರಡೂ ಕ್ಲಿಪ್ ಟಕ್ ಎನ್ನುವವರೆಗೆ ಒತ್ತಿದೆ. ಕಪ್ಪು ಪರದೆಯಲ್ಲಿ ಅಂಕಿ 64 ಎಂಬಿ ದಾಟಿ ಏರುತ್ತಲೇ ಹೋದಾಗ ಅಪ್ಪ ಪಕ್ಕದಲ್ಲೇ ನಿಂತಿದ್ದರು. ಆಮೇಲೆ ರಾತ್ರಿಯಿಡೀ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿದೆ, ಒಂದು ದೋಷವೂ ಬರಲಿಲ್ಲ. ಹಳೆಯ ರ‍್ಯಾಮ್ ಕೊಂಡವರು ಈ ಪರೀಕ್ಷೆ ಬಿಡಬಾರದು. ಕೆಟ್ಟ ರ‍್ಯಾಮ್ ಸದ್ದಿಲ್ಲದೆ ಕಡತವನ್ನೇ ಕೆಡಿಸುತ್ತದೆ.

ನಿಮ್ಮ ಅಟ್ಟದಲ್ಲೂ ಒಂದು ಹಳೆಯ ಕಂಪ್ಯೂಟರ್ ಇರಬಹುದು. ಗುಜರಿಗೆ ಹಾಕುವ ಮುನ್ನ ಅದರ ರ‍್ಯಾಮ್ ಬಿಚ್ಚಿ, ಎಷ್ಟು ಎಂಬಿ, ಎಷ್ಟು ಚಿಪ್ಪು ಎಂದು ಚೀಟಿ ಬರೆದು, ಊರಿನ ರಿಪೇರಿ ಅಂಗಡಿಗೆ ಕೊಡಿ. ಅದನ್ನೇ ಹುಡುಕಿಕೊಂಡು ಬರುವವರು ಇದ್ದಾರೆ.