ಕಡಲೆ ಹೊಲದ ಇಬ್ಬನಿ

ಹತ್ತು ವರ್ಷಗಳ ಹಿಂದಿನ ಒಂದು ಡಿಸೆಂಬರ್ ಮುಂಜಾನೆ. ಹತ್ತನೆಯ ತರಗತಿಗೆ ಆಮ್ಲ, ಪ್ರತ್ಯಾಮ್ಲಗಳ ಪಾಠ ನಡೆದಿತ್ತು. ಹೊರಗೆ ಮಂಜು ಇನ್ನೂ ಹರಿದಿರಲಿಲ್ಲ. ಚಳಿ ಬಾರದಿರಲೆಂದು ಕಿಟಕಿಗಳನ್ನು ಮುಚ್ಚಿಸಿದ್ದೆ. ಆಮ್ಲಕ್ಕೆ ಉದಾಹರಣೆ ಕೇಳಿದಾಗ ನಿಂಬೆ, ಹುಣಸೆ, ಮೊಸರು ಎಂದೆಲ್ಲ ಉತ್ತರಗಳು ಬಂದವು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಸರ, ಕಡ್ಲಿ ಗಿಡದ ಮ್ಯಾಲಿನ ಇಬ್ಬನೀನೂ ಹುಳಿ ಇರ್ತೈತ್ರಿ. ನಮ್ಮಜ್ಜಿ ಅರಿವಿ ಹಾಸಿ ಹಿಂಡಿ ತೆಗೀತಾಳ್ರಿ.”

“ಇಬ್ಬನಿ ಅಂದ್ರ ನೀರು. ಪುಸ್ತಕದಾಗ ಇದ್ದದ್ದು ಹೇಳು” ಎಂದೆ. ತರಗತಿ ನಕ್ಕಿತು. ಅವಳು ಕುಳಿತಳು. ಆಮೇಲೆ ಆ ವರ್ಷವಿಡೀ ಅವಳು ಕೈ ಎತ್ತಿದ್ದು ನನಗೆ ನೆನಪಿಲ್ಲ.

ಅವಳು ಹೇಳಿದ್ದು ನಿಜವೆಂದು ಆ ಕ್ಷಣದಲ್ಲೇ ನನಗೆ ಗೊತ್ತಿತ್ತು. ಗದಗ ಸೀಮೆಯ ಎರೆಹೊಲದಲ್ಲಿ ಬೆಳೆದವನು ನಾನು. ಚಿಕ್ಕವನಿದ್ದಾಗ ಹೊಟ್ಟೆನೋವು ಬಂದರೆ ಅವ್ವ ಕುಡಿಸುತ್ತಿದ್ದದ್ದು ಇದೇ ಕಡಲೆ ಹುಳಿಯನ್ನು. ರಾತ್ರಿ ಗಿಡಗಳ ಮೇಲೆ ಬಿಳಿ ಬಟ್ಟೆ ಹಾಸಿ, ಬೆಳಗಿನ ಜಾವ ಹಿಂಡಿ ತಂದದ್ದು. ಹುಡುಗಿ ಮಾತಾಡಿದಾಗ ಆ ರುಚಿ ನಾಲಗೆಯ ಮೇಲೆ ಬಂದಿತ್ತು. ಆದರೆ ಅದು ಹುಳಿ ಏಕೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಮಕ್ಕಳ ಮುಂದೆ ಒಪ್ಪಿಕೊಳ್ಳುವ ಧೈರ್ಯವೂ ಇರಲಿಲ್ಲ. ನನ್ನ ಅಂಜಿಕೆಯನ್ನು ಮುಚ್ಚಲು ಅವಳ ಬಾಯಿ ಮುಚ್ಚಿಸಿದೆ.

ಉತ್ತರ ಹುಡುಕಿದ್ದು ವರ್ಷಗಳ ನಂತರ. ಕಡಲೆ ಗಿಡದ ಎಲೆ, ಕಾಂಡಗಳ ಮೇಲೆ ಸಣ್ಣ ಗ್ರಂಥಿರೋಮಗಳಿವೆ. ಅವು ಮ್ಯಾಲಿಕ್, ಆಕ್ಸಾಲಿಕ್ ಆಮ್ಲಗಳನ್ನು ಸ್ರವಿಸುತ್ತವೆ. ಆಕಾಶ ತಿಳಿಯಾಗಿರುವ ಮಾಗಿಯ ರಾತ್ರಿಗಳಲ್ಲಿ ಎಲೆ ತನ್ನ ಶಾಖವನ್ನು ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ. ಗಾಳಿಯ ತೇವ ಅದರ ಮೇಲೆ ಹನಿಯಾಗಿ ಕೂತು ಆ ಆಮ್ಲವನ್ನು ಕರಗಿಸಿಕೊಳ್ಳುತ್ತದೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಸಸ್ಯಶಾಸ್ತ್ರ ಮೂರೂ ಒಂದೇ ಹನಿಯಲ್ಲಿದ್ದವು, ಶಾಲೆಯ ಗೋಡೆಯಾಚೆಯ ಹೊಲದಲ್ಲಿ. ನಾನು ಕಿಟಕಿ ಮುಚ್ಚಿಸಿದ್ದೆ.

ಚಳಿಗಾಲವೆಂದರೆ ನನಗೆ ಪಾಠ ಮುಗಿಸುವ ಕಾಲ, ವಿಶೇಷ ತರಗತಿಗಳ ಕಾಲ. ಎಳ್ಳ ಅಮಾವಾಸ್ಯೆಗೆ ಮನೆಯವರ ಜೊತೆ ಹೊಲಕ್ಕೆ ಚರಗ ಚೆಲ್ಲಲು ಹೋದ ಮಕ್ಕಳನ್ನು ಮರುದಿನ ನಿಲ್ಲಿಸಿ ಬೈದಿದ್ದೇನೆ. ಆ ಒಂದು ದಿನ ಅವರು ನೋಡಿ ಬಂದ ತೆನೆ, ಹೂವು, ಹುಳು, ಹಕ್ಕಿಗಳ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಕೊನೆಗೆ ಮಕ್ಕಳನ್ನು ಹೊರಗೆ ಕರೆದೊಯ್ದಾಗಲೂ ತಪ್ಪಿದೆ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿದ ಕೆರೆ ಅದು. ದಂಡೆಯಲ್ಲಿ ಮಕ್ಕಳನ್ನು ಸಾಲಾಗಿ ಕೂರಿಸಿ ಟಿಪ್ಪಣಿ ಬರೆಸಿದೆ: ಮಂಗೋಲಿಯಾ, ಟಿಬೆಟ್, ಲಡಾಖ್‌ಗಳಲ್ಲಿ ಮರಿ ಮಾಡುತ್ತವೆ, ಹಿಮಾಲಯ ದಾಟಿ ಬರುತ್ತವೆ, 7,000 ಮೀಟರ್‌ಗೂ ಮೇಲೆ ಹಾರಿದ್ದು ದಾಖಲಾಗಿದೆ, ಅವುಗಳ ಹಿಮೋಗ್ಲೋಬಿನ್ ತೆಳು ಗಾಳಿಯಲ್ಲೂ ಆಮ್ಲಜನಕವನ್ನು ಚೆನ್ನಾಗಿ ಹಿಡಿಯುತ್ತದೆ. ಎಲ್ಲವೂ ಸರಿಯಾದ ಮಾಹಿತಿಯೇ. ಅಷ್ಟರಲ್ಲಿ ಹೊಲಗಳಲ್ಲಿ ಮೇದ ಒಂದು ಹಿಂಡು ಕೂಗುತ್ತ ನಮ್ಮ ನೆತ್ತಿಯ ಮೇಲೆ ಹಾದು ಕೆರೆಗಿಳಿಯಿತು. ಮಕ್ಕಳು ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದರು. ಮುಚ್ಚಿದ ಕಿಟಕಿಗಳ ಕೋಣೆಯನ್ನು ನಾನು ಕೆರೆಯವರೆಗೂ ಹೊತ್ತು ತಂದಿದ್ದೆ.

ಮರುವರ್ಷ ಪುಸ್ತಕ ತರಬೇಡಿ ಎಂದೆ. ಅರ್ಧ ಗಂಟೆ ನಾನೂ ಮಾತಾಡಲಿಲ್ಲ. ಆ ಮೌನ ಮಕ್ಕಳಿಗಿಂತ ನನಗೆ ಕಷ್ಟವಾಯಿತು. ಆಮೇಲೆ ಪ್ರಶ್ನೆಗಳು ಬಂದವು. ಒಂಟಿಕಾಲಲ್ಲಿ ಏಕೆ ನಿಲ್ಲುತ್ತವೆ? ದಾರಿ ಹೇಗೆ ಗೊತ್ತಾಗುತ್ತದೆ? ಕೆಲವಕ್ಕೆ ಉತ್ತರಿಸಿದೆ, ಕೆಲವಕ್ಕೆ “ಗೊತ್ತಿಲ್ಲ, ಹುಡುಕೋಣ” ಎಂದೆ. ಆ ಮಾತು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು.

ಈಗ ಡಿಸೆಂಬರ್ 22ರ ಸುಮಾರಿಗೆ ಶಾಲೆಯ ಅಂಗಳದಲ್ಲಿ ಒಂದು ಮೀಟರ್ ಕೋಲು ನೆಟ್ಟು ನಡುಹಗಲಿನ ನೆರಳನ್ನು ಅಳೆಯುತ್ತೇವೆ. ಸುಮಾರು 80 ಸೆಂಟಿಮೀಟರ್ ಬರುತ್ತದೆ. ಬೇಸಿಗೆಯಲ್ಲಿ ಒಂದು ದಿನ ಅದೇ ಕೋಲಿಗೆ ನಡುಹಗಲಲ್ಲಿ ನೆರಳೇ ಇರುವುದಿಲ್ಲ. ಸೂರ್ಯ ದೂರ ಹೋದದ್ದರಿಂದ ಚಳಿ ಎಂದು ನಂಬಿದ್ದ ಮಕ್ಕಳಿಗೆ, ಭೂಮಿ ಸೂರ್ಯನಿಗೆ ಅತಿ ಹತ್ತಿರವಿರುವುದು ಜನವರಿಯ ಮೊದಲ ವಾರದಲ್ಲಿ ಎಂದರೆ ಬೆರಗು. ಓರೆಯಾಗಿ ಬೀಳುವ ಬಿಸಿಲು ಏನು ಮಾಡುತ್ತದೆಂಬುದನ್ನು ನೆರಳು ತೋರಿಸುತ್ತದೆ. ಭೂಮಿಯ ಅಕ್ಷದ ಓರೆ 23.5 ಡಿಗ್ರಿ ಎಂದು ಹಲಗೆಯ ಮೇಲೆ ಎಷ್ಟೋ ಸಲ ಬರೆದಿದ್ದೆ. ಆ ನೆರಳನ್ನು ನಾನೇ ಒಮ್ಮೆಯೂ ಅಳೆದಿರಲಿಲ್ಲ.

ಕಳೆದ ಮಾಗಿಯಲ್ಲಿ ಕಡಲೆ ಹೊಲಕ್ಕೂ ಹೋದೆವು. ವಿದ್ಯಾರ್ಥಿಯೊಬ್ಬನ ಅಜ್ಜಿ ಬಟ್ಟೆ ಹಿಂಡಿ ತೋರಿಸಿದರು. ಹುಡುಗ ನೀಲಿ ಲಿಟ್ಮಸ್ ಅದ್ದಿದ, ಕೆಂಪಾಯಿತು. “ಏನ್ ಹೇಳತೈತಪಾ ಈ ಕಾಗದ?” ಎಂದರು ಅಜ್ಜಿ. ವಿವರಿಸಲು ನಾನು ಬಾಯಿ ತೆರೆದು, ಸುಮ್ಮನಾದೆ. “ನೀ ಹೇಳಿದ್ದು ಖರೇ ಅಂತ ಹೇಳತೈತಬೇ” ಎಂದ ಮೊಮ್ಮಗ.

ಆ ಮಾತನ್ನು ಕೇಳಬೇಕಾಗಿದ್ದವಳು ಅಲ್ಲಿರಲಿಲ್ಲ. ಮೊನ್ನೆ ಬಸ್ ನಿಲ್ದಾಣದಲ್ಲಿ ಸಿಕ್ಕಳು, ಕಂಕುಳಲ್ಲಿ ಮಗು. “ಆರಾಮದೀರೇನ್ರಿ ಸರ?” ಎಂದು ತಾನಾಗಿಯೇ ಬಂದು ಮಾತಾಡಿಸಿದಳು. ಮಗುವಿನ ಹೆಸರು ಕೇಳಿದೆ, ಊರು ಕೇಳಿದೆ. ಅಂದು ಅವಳು ಹೇಳಿದ್ದು ಸರಿಯಿತ್ತು, ತಪ್ಪು ನನ್ನದು ಎಂಬ ಮಾತು ಗಂಟಲಲ್ಲೇ ನಿಂತಿತು. ಬಸ್ ಬಂತು, ಅವಳು ಹತ್ತಿ ಹೋದಳು.

ಅವಳ ಊರು ಈಗ ಗೊತ್ತು. ಕಡಲೆ ಇನ್ನೂ ಕೊಯ್ಲಾಗಿಲ್ಲ.