ಮೊದಲ ಗೆರೆ ಅಂಗಳಕ್ಕೆ

ಶಿರಸಿ, ಸಿದ್ದಾಪುರದ ಕಡೆ ಅಡಿಕೆ ತೋಟದವರ ಮನೆಗೆ ನಕ್ಷೆ ಹಾಕುವವರು ಮೊದಲ ಗೆರೆಯನ್ನು ಅಂಗಳಕ್ಕೇ ಮೀಸಲಿಡಬೇಕು. ಕೊನೆಕೊಯ್ಲು ಮುಗಿದ ಮೇಲೆ ಸುಲಿದು ಬೇಯಿಸಿದ ಅಡಿಕೆ ಅಲ್ಲಿ ಒಣಗಬೇಕು. ಚಾಲಿ ಮಾಡುವವರ ಮನೆಯಲ್ಲಂತೂ ಸಿಪ್ಪೆ ಸಮೇತ ಹಣ್ಣಡಿಕೆ ತಿಂಗಳಿಗೂ ಮಿಕ್ಕಿ ಬಿಸಿಲು ಕಾಯುತ್ತದೆ. ಆ ಚಳಿಗಾಲದ ದಿನಗಳಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಮನೆಯ ಬೆನ್ನಿಗೆ, ಉತ್ತರಕ್ಕೆ ಅಂಗಳ ಬಿಟ್ಟರೆ ಮಾಡಿನ ನೆರಳು ಅದರ ಒಂದು ಅಂಚನ್ನು ದಿನವಿಡೀ ನುಂಗುತ್ತದೆ. ಬಿಸಿಲಿನ ದಾರಿ ನೋಡಿ ಮನೆಯನ್ನು ನಾಲ್ಕು ಮಾರು ಹಿಂದಕ್ಕೆ ಸರಿಸುವುದು, ಮತ್ತೆ ಅಳಿಸಿ ಬರೆಯುವುದು: ನಕ್ಷೆ ಬರೆಯುವವರಿಗೆ ಇದಕ್ಕಿಂತ ರುಚಿಯಾದ ಕೆಲಸವಿಲ್ಲ.

ಆಮೇಲೆ ಮಾಡು.

ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರು ದಾಟುತ್ತದೆ. ಇಂಥ ಸೀಮೆಯಲ್ಲಿ ನೀರು ಮನೆಯ ಮೇಲೆ ಒಂದು ಗಳಿಗೆಯೂ ನಿಲ್ಲಬಾರದು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು ಶುರುಮಾಡಿದ ಹಂಚಿನ ಕಾರ್ಖಾನೆ ಇಡೀ ಕರಾವಳಿ, ಮಲೆನಾಡುಗಳ ಸೂರನ್ನೇ ಬದಲಿಸಿತು. ಒಂದರ ತುದಿ ಇನ್ನೊಂದಕ್ಕೆ ಕಚ್ಚಿಕೊಳ್ಳುವ ಆ ಹಂಚು ಪಕಾಸು, ರೀಪುಗಳ ಮೇಲೆ ಹಗುರಾಗಿ ಕೂರುತ್ತದೆ. ಒಂದು ಒಡೆದರೆ ಅದೊಂದನ್ನೇ ಬದಲಿಸಿದರಾಯಿತು. ಮಾಡಿನ ಇಳಿಜಾರು ಎಷ್ಟು, ಸೂರು ಗೋಡೆಯಿಂದ ಎಷ್ಟು ಮುಂದೆ ಚಾಚಬೇಕು ಎಂಬ ಲೆಕ್ಕದಲ್ಲಿ ಸಂಜೆಗಳು ಸರಿದುಹೋಗುತ್ತವೆ. ಸೂರು ಚಾಚಿದಷ್ಟೂ ಗೋಡೆಯ ಬುಡ ಒಣಗಿರುತ್ತದೆ. ಅದರ ಕೆಳಗೆ ಜಗುಲಿಯೂ ಸಿಗುತ್ತದೆ. ಪೇಟೆಯ ಮನೆ ನೋಡಿ ಸಪಾಟು ತಾರಸಿ ಹಾಕಿಸಿದ ಎಷ್ಟೋ ಮಂದಿ ಸೋರಿಕೆ ತಡೆಯಲು ಅದರ ಮೇಲೆ ತಗಡಿನ ಮಾಡು ಕಟ್ಟಿಸಿದ್ದಾರೆ. ಒಂದೇ ಮನೆಗೆ ಎರಡು ಚಾವಣಿ, ಎರಡು ಖರ್ಚು.

ಇದೇ ನಕ್ಷೆಯನ್ನು ವಿಜಯಪುರಕ್ಕೆ ಒಯ್ದರೆ ನಡೆಯದು. ಅಲ್ಲಿ ಮಳೆ ಕಡಿಮೆ, ಬಿಸಿಲು ಖಡಕ್ಕು. ದಪ್ಪ ಗೋಡೆ, ಮಣ್ಣು ಹೊದೆಸಿದ ಮಾಳಿಗೆ, ಮೇಲಿಂದ ಬೆಳಕು ಇಳಿಸುವ ಬೆಳಕಿಂಡಿ ಆ ನೆಲಕ್ಕೆ ಹೇಳಿ ಮಾಡಿಸಿದವು.

ಗೋಡೆಗೆ ಇಟ್ಟಿಗೆ ಸುಡಲೇಬೇಕೆಂದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ, ಮಣ್ಣಿಗೆ ಮರಳು ಮತ್ತು ಸ್ವಲ್ಪವೇ ಸಿಮೆಂಟು ಬೆರೆಸಿ ಕೈಯಂತ್ರದಲ್ಲಿ ಒತ್ತಿ ತೆಗೆಯುವ ಇಟ್ಟಿಗೆಯನ್ನು ಬೆಳೆಸಿತು. ಅದಕ್ಕೆ ಭಟ್ಟಿಯೂ ಬೇಡ, ಸೌದೆಯೂ ಬೇಡ. ಮಣ್ಣು ಹೊಂದಿಕೆಯಾದರೆ ಪಾಯ ಅಗೆದ ಜಾಗದ್ದೇ ಗೋಡೆಯಾಗುತ್ತದೆ.

ಎಲ್ಲಕ್ಕಿಂತ ಸೊಗಸಾದದ್ದು ಇಳಿಜಾರಿನ ಲೆಕ್ಕ. ಮಲೆನಾಡಿನಲ್ಲಿ ಮೇಲೆ ಸೊಪ್ಪಿನ ಬೆಟ್ಟ, ನಡುವೆ ಮನೆ, ಕೆಳಗೆ ತೋಟ. ಬೆಟ್ಟದ ಸೊಪ್ಪು ಕೊಟ್ಟಿಗೆಗೆ ಇಳಿಯುತ್ತದೆ, ಸಗಣಿ ಗೋಬರ್ ಗ್ಯಾಸಿನ ಗುಂಡಿಗೆ, ಅಲ್ಲಿಂದ ಹೊರಬಿದ್ದ ಬಗ್ಗಡ ಗೊಬ್ಬರಗುಂಡಿಗೆ, ಕೊನೆಗೆ ತೋಟಕ್ಕೆ. ಬಚ್ಚಲಿನ ನೀರು ಬಾಳೆ ಬುಡಕ್ಕೆ. ಕೊಟ್ಟಿಗೆಯನ್ನು ಗ್ಯಾಸಿನ ಗುಂಡಿಗಿಂತ ತಗ್ಗಿನಲ್ಲಿ ಕೂರಿಸಿದರೆ ದಿನಾ ಸಗಣಿ ಬುಟ್ಟಿ ಹೊತ್ತು ಏರಬೇಕು. ಹೊರುವವರು ಹೆಚ್ಚಾಗಿ ಹೆಂಗಸರು. ಆದ್ದರಿಂದ ಪಾಯದ ಗೂಟ ಹೊಡೆಯುವ ಮುಂಚೆ ಮನೆಯೊಡತಿಯನ್ನು ಕರೆದು, ಸುಣ್ಣದ ಗೆರೆಯ ಮೇಲೆ ಕೊಟ್ಟಿಗೆಯಿಂದ ಬಾವಿಗೆ, ಬಾವಿಯಿಂದ ಅಡುಗೆಮನೆಗೆ ನಡೆದು ನೋಡಲು ಹೇಳಬೇಕು. ಆಕೆ ತೋರಿಸಿದ ಕಡೆ ಗೂಟ ಕಿತ್ತು ನೆಡಬೇಕು.