ಅಂಗಳದ ನಂದಿಬಟ್ಟಲು ಮತ್ತು ಹಸಿರು ಹುಳ

ಬದನೆ ಗಿಡಕ್ಕೆ ಹುಳ ಬಿದ್ದರೆ ನಷ್ಟ ಎಷ್ಟೆಂದು ಲೆಕ್ಕ ಹಾಕಬಹುದು. ಅಡಿಕೆಗೆ ರೋಗ ಬಂದರೆ ವರ್ಷದ ದುಡಿಮೆಯೇ ಹೋಗುತ್ತದೆ. ಆದರೆ ಬರೇ ಚಂದಕ್ಕೆಂದು ನೆಟ್ಟ ಮರದ ಎಲೆಯನ್ನು ಹುಳ ತಿಂದರೆ ನಾವು ಕಳೆದುಕೊಳ್ಳುವುದೇನು? ಕೇಳಲು ಇದು ಸಣ್ಣ ಪ್ರಶ್ನೆ. ಆದರೆ ಅಂಗಳದ ಮರವೆಂದರೆ ಮನೆಯ ಮುಖವಿದ್ದಂತೆ. ಅದು ಬೋಳಾಗಿ ನಿಂತರೆ ಬಂದುಹೋಗುವವರೆಲ್ಲ ಕಾರಣ ಕೇಳುತ್ತಾರೆ. ಆಗ ಹೆಚ್ಚಿನವರಿಗೆ ಮೊದಲು ನೆನಪಾಗುವುದು ವಿಷದ ಬಾಟಲಿ.

ನಮ್ಮ ಅಂಗಳದಲ್ಲಿ ಒಂದು ನಂದಿಬಟ್ಟಲು ಇದೆ. ಕೊಂಬೆ ಸವರದೆ ಬಿಟ್ಟದ್ದರಿಂದ ಅದೀಗ ಗಿಡವಾಗಿ ಉಳಿದಿಲ್ಲ, ಮಾಡಿನ ಅಂಚನ್ನು ಮುಟ್ಟುವ ಮರವಾಗಿದೆ. ಎದುರು ಮನೆಯ ಅಕ್ಕ ಪೂಜೆಗೆ ಹೂ ಕೊಯ್ಯುವುದು ಇದೇ ಮರದಿಂದ. ಕೇಳಿ ಕೊಯ್ಯುವ ಪದ್ಧತಿ ಎಂದೋ ನಿಂತುಹೋಗಿದೆ. ಸಂಜೆಯಾದರೆ ಎರಡೂ ಮನೆಗಳ ಮಕ್ಕಳ ಆಟ ಅದರ ಬುಡದಲ್ಲೇ. ಅಲ್ಲಿಂದ ಹತ್ತು ಹೆಜ್ಜೆಗೆ ಬಾವಿ.

ಕಳೆದ ಮಳೆಗಾಲ ಮುಗಿಯುತ್ತಿದ್ದಂತೆ ಒಂದೇ ವಾರದಲ್ಲಿ ಮೇಲಿನ ಕೊಂಬೆಗಳು ಕಡ್ಡಿಗಳಾದವು. ಬುಡದಲ್ಲಿ ಮೆಣಸಿನ ಕಾಳಿನಂಥ ಹಿಕ್ಕೆಗಳು ಬಿದ್ದಿದ್ದವು. "ಈ ಸಲ ಹೂವೇ ಇಲ್ಲವಲ್ಲ ಮಾರಾಯ್ರೇ, ಏನಾದರೂ ಹೊಡೆಯಬಾರದಾ?" ಎಂದರು ಅಕ್ಕ. ಪೇಟೆಯ ಅಂಗಡಿಯವರು ಯಾವ ಹುಳ, ಯಾವ ಮರ ಎಂದು ಕೇಳಲೂ ಇಲ್ಲ, ಬಾಟಲಿಯೊಂದನ್ನು ಮುಂದಿಟ್ಟರು. ಅದರ ಚೀಟಿಯ ಮೇಲಿನ ಓರೆ ಚೌಕದ ಕೆಳಭಾಗ ಹಳದಿಯಾಗಿತ್ತು. ನಮ್ಮ ದೇಶದಲ್ಲಿ ಕೀಟನಾಶಕಗಳ ವಿಷದ ತೀವ್ರತೆಯನ್ನು ಈ ಬಣ್ಣ ಹೇಳುತ್ತದೆ. ಕೆಂಪು ಅತಿ ತೀವ್ರ, ಹಳದಿ ಅದರ ನಂತರದ್ದು, ಆಮೇಲೆ ನೀಲಿ, ಕೊನೆಗೆ ಹಸಿರು. ನಾವು ಬಾಟಲಿಯನ್ನು ಅಲ್ಲೇ ಬಿಟ್ಟು ಬಂದೆವು. ತಿನ್ನುತ್ತಿರುವವರು ಯಾರೆಂದು ಮೊದಲು ನೋಡೋಣ ಎಂದುಕೊಂಡೆವು.

ಹಗಲಲ್ಲಿ ಹುಡುಕಿದರೆ ಏನೂ ಕಾಣಲಿಲ್ಲ. ರಾತ್ರಿ ಟಾರ್ಚ್ ಹಿಡಿದಾಗ ಸಿಕ್ಕಿಬಿತ್ತು. ಬೆರಳಿನಷ್ಟು ದಪ್ಪದ, ಎಲೆಯದೇ ಬಣ್ಣದ ಹುಳ. ಬಾಲದ ಕಡೆ ಒಂದು ಸಣ್ಣ ಕೊಂಬು, ತಲೆಯ ಹಿಂದೆ ನೀಲಿ ಕಣ್ಣುಗಳಂಥ ಎರಡು ಬೊಟ್ಟು. ಮುಟ್ಟಿದರೆ ತಲೆ ತಗ್ಗಿಸುತ್ತದೆ. ಆಗ ಆ ಬೊಟ್ಟುಗಳು ಹೆದರಿಸುವಂತೆ ಎದ್ದು ಕಾಣುತ್ತವೆ. ಆದರೆ ಅದು ಕಚ್ಚುವುದಿಲ್ಲ, ಕೊಂಬು ಚುಚ್ಚುವುದೂ ಇಲ್ಲ. ಇದು ಕಣಗಿಲೆ ಮತ್ತು ನಂದಿಬಟ್ಟಲಿನ ಎಲೆ ತಿಂದು ಬೆಳೆಯುವ ಒಂದು ಪತಂಗದ ಮರಿ. ಹಾಲು ಸುರಿಸುವ, ಆಡು ಕೂಡ ಮೂಸಿ ಬಿಡುವ ಕಣಗಿಲೆಯ ಎಲೆಯನ್ನು ಜೀರ್ಣಿಸಿಕೊಳ್ಳುವ ಶಕ್ತಿ ಇದಕ್ಕಿದೆ. ಬೆಳವಣಿಗೆ ಮುಗಿದಾಗ ಬಣ್ಣ ಕಂದಾಗುತ್ತದೆ, ಮರದಿಂದ ಇಳಿದು ತರಗೆಲೆಗಳ ನಡುವೆ ಕೋಶ ಕಟ್ಟುತ್ತದೆ. ಅಂದರೆ ಇದರ ಹಾವಳಿ ಎರಡು ಮೂರು ವಾರಗಳದ್ದು ಮಾತ್ರ.

ನಮ್ಮ ಕರಾವಳಿಯವರಿಗೆ ವಿಷದ ಪಾಠವನ್ನು ಬೇರೆ ಊರಿನವರು ಹೇಳಿಕೊಡಬೇಕಾಗಿಲ್ಲ. ಗೇರು ತೋಪುಗಳ ಟೀ ಸೊಳ್ಳೆಯನ್ನು ಕೊಲ್ಲಲು ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು ಇಲ್ಲಿಯೇ. ಕಾಸರಗೋಡಿನ ಎಣ್ಮಕಜೆ, ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ - ಈ ಹೆಸರುಗಳನ್ನು ಕೇಳಿದರೆ ಹಾಸಿಗೆ ಬಿಟ್ಟೇಳಲಾಗದ ಮಕ್ಕಳ ಮುಖ ಕಣ್ಣಮುಂದೆ ಬರುತ್ತದೆ. 2011ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಅದನ್ನು ನಿಷೇಧಿಸಿತು. ಅದೇ ವರ್ಷದ ಮೇ 13ರಂದು ಸುಪ್ರೀಂ ಕೋರ್ಟ್ ದೇಶಾದ್ಯಂತ ತಡೆ ನೀಡಿತು. ಅಲ್ಲಿ ವಾದಿಸಲು ಬೆಳೆಯ ಲಾಭವಾದರೂ ಇತ್ತು. ಬರೇ ಅಂದಕ್ಕಾಗಿ ಇರುವ ಮರಕ್ಕೆ ವಿಷ ಹೊಡೆದು, ನೆರೆಯವರು ಕೊಯ್ಯುವ ಹೂವಿಗೂ ಮಕ್ಕಳು ಆಡುವ ಮಣ್ಣಿಗೂ ಅದನ್ನು ಅಂಟಿಸಲು ನಮ್ಮ ಬಳಿ ಯಾವ ವಾದವಿದೆ?

ನಾವು ಮಾಡಿದ್ದು ಇಷ್ಟೇ. ನಾಲ್ಕು ರಾತ್ರಿ ಟಾರ್ಚ್ ಮತ್ತು ಬಕೆಟ್ ಹಿಡಿದು ಕೈಗೆಟುಕುವ ಹುಳಗಳನ್ನು ಹೆಕ್ಕಿ, ಹಿತ್ತಿಲಿನ ಬೇಲಿಯ ಹಳೇ ಕಣಗಿಲೆಗೆ ಬಿಟ್ಟೆವು. ಬೇವಿನ ಬೀಜದ ತಿರುಳು 50 ಗ್ರಾಂ ಕುಟ್ಟಿ, 1 ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿ, ಚಿಟಿಕೆ ಸೋಪಿನ ಪುಡಿ ಬೆರೆಸಿ ಎಳೆ ಚಿಗುರುಗಳಿಗೆ ಸಿಂಪಡಿಸಿದೆವು. ಇದನ್ನು ಸಂಜೆಯೇ ಸಿಂಪಡಿಸಬೇಕು. ಬಿಸಿಲಿಗೆ ಬೇವಿನ ಗುಣ ಬೇಗ ಕಳೆಯುತ್ತದೆ. ಇದು ಎಳೆಯ ಹುಳಗಳಿಗೆ ಚೆನ್ನಾಗಿ ನಾಟುತ್ತದೆ, ಬಲಿತವಕ್ಕೆ ಅಷ್ಟಾಗಿ ಅಲ್ಲ. ತುದಿಯ ಕೊಂಬೆಗಳಲ್ಲಿದ್ದವನ್ನು ಹಕ್ಕಿಗಳ ಪಾಲಿಗೆ ಬಿಟ್ಟೆವು. ಕೆಂಬೂತವೊಂದು ಮೂರು ದಿನ ಬಿಡದೆ ಬಂತು.

ಮಗಳು ಒಂದು ಹುಳವನ್ನು ತರಗೆಲೆ ಹಾಕಿದ ಡಬ್ಬಿಯಲ್ಲಿಟ್ಟಿದ್ದಳು. ಎರಡು ವಾರದ ಬಳಿಕ ಅದರಿಂದ ಹಸಿರು, ನಸುಗೆಂಪು ಬಣ್ಣಗಳು ಕಲೆತ ಪತಂಗ ಹೊರಬಂತು. ಎದುರು ಮನೆಯ ಅಕ್ಕನೂ ನೋಡಲು ಬಂದರು. "ನಮ್ಮ ಹೂವನ್ನೆಲ್ಲ ತಿಂದು ಇಷ್ಟು ಚಂದ ಆದದ್ದಾ ಇದು!" ಎಂದು ನಕ್ಕರು. ತಿಂಗಳೊಳಗೆ ಕೊಂಬೆಗಳಲ್ಲಿ ಚಿಗುರೂ ಕಂಡಿತು.

ಎಲ್ಲ ಹುಳಕ್ಕೂ ಇದೇ ಕ್ರಮ ಎಂದಲ್ಲ. ನುಗ್ಗೆ, ಪಾರಿಜಾತಗಳಿಗೆ ಬರುವ ಕಂಬಳಿಹುಳವನ್ನು ಬರಿಗೈಯಲ್ಲಿ ಮುಟ್ಟಬಾರದು. ಅದರ ರೋಮ ತಾಗಿದರೆ ತುರಿಕೆ ತಪ್ಪಿದ್ದಲ್ಲ. ಇನ್ನೂ ಬೇರೂರದ ಎಳೆ ಸಸಿಯ ಎಲೆಯೆಲ್ಲ ಹೋದರೆ ಅದು ಸತ್ತೇ ಹೋಗಬಹುದು, ಅಲ್ಲಿ ಕಾಯುತ್ತ ಕೂರುವಂತಿಲ್ಲ. ಆದರೆ ಗಟ್ಟಿಯಾಗಿ ಬೇರೂರಿದ ಮರಕ್ಕೆ ಒಂದು ಸಲ ಎಲೆ ಹೋಗುವುದು ದೊಡ್ಡ ಸಂಗತಿಯಲ್ಲ. ಅಂಗಡಿಗೆ ಹೊರಡುವ ಮುನ್ನ ತಿನ್ನುತ್ತಿರುವ ಹುಳ ಯಾವುದು, ಅದು ಎಷ್ಟು ದಿನ ಇರುತ್ತದೆ, ಆ ಮರವನ್ನು ನಮ್ಮಂತೆ ಇನ್ನು ಯಾರೆಲ್ಲ ಬಳಸುತ್ತಾರೆ ಎಂದು ಮನೆಯಲ್ಲೊಮ್ಮೆ ಕೇಳಿಕೊಳ್ಳಿ. ನೆರೆಮನೆಯವರನ್ನೂ ಕೇಳಿ. ಮರ ನಮ್ಮ ಅಂಗಳದ್ದೇ ಇರಬಹುದು, ಆದರೆ ಸಿಂಪಡಿಸಿದ್ದು ನಮ್ಮ ಕಂಪೌಂಡಿನೊಳಗೇ ನಿಲ್ಲುವುದಿಲ್ಲ.